‘ಸಾಕ್ರಿ’ ಅಂದ ಕೂಡಲೇ ಕೈ ಬಿಡುವುದು: ಹುಬ್ಬಳ್ಳಿಯಲ್ಲಿ ಮನೆಯಿಲ್ಲದವರಿಗೆ ಉಚಿತ ಮಾಲೀಸು, ಒಂದು ಸಮಗ್ರ ಮಾರ್ಗದರ್ಶಿ

ನಾನು ಮಾಲೀಸು ಕಲಿತದ್ದು ಗರಡಿ ಮನೆಯಲ್ಲಿ. ಅಲ್ಲಿ ಪೈಲ್ವಾನನ ಬೆನ್ನಿಗೆ ಮೊಣಕೈ ಊರಿ ತಿಕ್ಕಿದರೆ ಅವನು ‘ಹಾಂ, ಅಲ್ಲೇ’ ಅನ್ನುತ್ತಾನೆ. ನೋವಾದಷ್ಟೂ ಒಳ್ಳೆಯದು ಎಂಬುದು ಅಲ್ಲಿಯ ಲೆಕ್ಕ. ಅದೇ ಕೈ ಹೊತ್ತುಕೊಂಡು ಮೊದಲ ಸಲ ಒಂದು ಆಶ್ರಯ ಕೇಂದ್ರಕ್ಕೆ ಹೋದೆ. ಕುರ್ಚಿಯಲ್ಲಿ ಕೂತಿದ್ದ ಅಜ್ಜನೊಬ್ಬನ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟೆ, ಅಷ್ಟೇ. ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿ ಕೂತ. ಸ್ವಲ್ಪ ಹೊತ್ತಿನ ಮೇಲೆ ಮಾತಿಲ್ಲದೆ ಎದ್ದು, ಗಂಟು ಎತ್ತಿಕೊಂಡು ಹೊರಗೆ ನಡೆದ. ಆ ರಾತ್ರಿ ಒಳಗೆ ಮಲಗಲು ಬರಲಿಲ್ಲ. ಸೇವೆ ಮಾಡಲು ಹೋದವನು ಒಬ್ಬ ಮನುಷ್ಯನ ಒಂದು ರಾತ್ರಿಯ ಸೂರು ತಪ್ಪಿಸಿ ಬಂದಿದ್ದೆ.

ಬೀದಿಯಲ್ಲಿ ಮಲಗುವವರನ್ನು ಮುಟ್ಟುವ ಕೈಗಳೆಲ್ಲ ಹೆಚ್ಚುಕಡಿಮೆ ಎಬ್ಬಿಸುವ ಕೈಗಳೇ. ಲಾಠಿಯ ತುದಿ, ಬೂಟಿನ ಮೂತಿ, ಅಂಗಡಿ ಬಾಗಿಲು ತೆರೆಯುವವನು ಎರಚುವ ನೀರು, ನಿದ್ದೆಯಲ್ಲಿ ಜೇಬಿಗೆ ಇಳಿಯುವ ಬೆರಳು. ಹೆಂಗಸರಿಗೆ ಇವೆಲ್ಲದರ ಮೇಲೆ ಇನ್ನೊಂದು ಭಯ. ಇಷ್ಟು ಉಂಡ ಮೈ ಯಾವ ಸ್ಪರ್ಶವನ್ನೂ ಮೊದಲು ಏಟೆಂದೇ ಎಣಿಸುತ್ತದೆ; ಕೈಯಿಟ್ಟವನು ಒಳ್ಳೆಯವನೇ ಎಂದು ಬುದ್ಧಿ ಲೆಕ್ಕ ಹಾಕುವಷ್ಟರಲ್ಲಿ ಎದೆ ಬಡಿದುಕೊಂಡಿರುತ್ತದೆ, ಹೆಗಲು ಬಿಗಿದಿರುತ್ತದೆ. ಇದನ್ನು ತಿಳಿದುಕೊಂಡು ಮಾಡುವ ಮಾಲೀಸಿಗೆ ‘ಟ್ರಾಮಾ ಇನ್ಫಾರ್ಮ್ಡ್’ ಎಂಬ ದೊಡ್ಡ ಹೆಸರಿದೆ. ನಮ್ಮ ತಂಡದ ನರ್ಸ್ ಅಕ್ಕ ಅದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: ‘ಅವರ ಮೈ ಅವರದ್ದು ಅಂತ ಪ್ರತಿ ನಿಮಿಷ ನೆನಪಿಟ್ಟು ಮಾಡೂದು.’

ಮುಂದೆ ಬರೆದಿರುವುದು ಕೈ, ಮುಂಗೈ ಮತ್ತು ಪಾದಗಳ ಹತ್ತು ನಿಮಿಷದ ಮಾಲೀಸಿನ ಕ್ರಮ. ಕುರ್ಚಿಯಲ್ಲಿ ಕೂತು, ಬಟ್ಟೆ ಕಳಚದೆ, ನಾಲ್ಕು ಜನ ಕಾಣುವ ಜಾಗದಲ್ಲಿ. ಮಂಚ, ಪರದೆ, ಪೂರ್ತಿ ಮೈ ಮಾಲೀಸು ಇದರಲ್ಲಿ ಇಲ್ಲ, ಬೇಕೂ ಇಲ್ಲ.

ಹೆಜ್ಜೆ 1: ಜಾಗ

ಹುಬ್ಬಳ್ಳಿಯಲ್ಲಿ ಹೊರಗೆ ಮಲಗುವವರೆಲ್ಲ ಒಂದೇ ಥರದವರಲ್ಲ. ಸಿದ್ಧಾರೂಢ ಮಠದ ದಾಸೋಹದಲ್ಲಿ ಉಂಡು ಹತ್ತಿರದಲ್ಲೇ ಒರಗುವ ಮುದುಕರಿದ್ದಾರೆ. ಅಮರಗೋಳ ಎಪಿಎಂಸಿಯಲ್ಲಿ ಹಗಲು ಮೂಟೆ ಹೊತ್ತು ರಾತ್ರಿ ಖಾಲಿ ಚೀಲದ ಮೇಲೆ ಮಲಗುವ ಹಮಾಲರಿದ್ದಾರೆ. ದವಾಖಾನೆಗೆ ರೋಗಿಯ ಜೊತೆ ಬಂದು ರೊಕ್ಕ ಮುಗಿದು ಅಲ್ಲೇ ಉಳಿದವರಿದ್ದಾರೆ. ರೈಲಿನಲ್ಲಿ ಬಂದಿಳಿದು, ಯಾವ ಊರೆಂದು ತಿಳಿಯದೆ ತಿರುಗುವವರೂ ಇದ್ದಾರೆ. ಹಮಾಲರಿಗೆ ಅಂಗೈ, ಮುಂಗೈ, ಹೆಗಲು ನೋವು; ಮುದುಕರಿಗೆ ಪಾದ. ಯಾರ ಹತ್ತಿರ ಹೋಗುತ್ತೀರಿ ಎಂಬುದರ ಮೇಲೆ ಚೀಲದಲ್ಲಿ ಏನಿರಬೇಕು ಎಂಬುದು ನಿಲ್ಲುತ್ತದೆ.

ಪ್ರಾರಂಭ ಮಾತ್ರ ಫುಟ್‌ಪಾತಿನಲ್ಲಿ ಬೇಡ, ಪಾಲಿಕೆಯ ವಸತಿರಹಿತರ ಆಶ್ರಯ ಕೇಂದ್ರದಲ್ಲಿ ಇರಲಿ. ದೀಪ, ನೀರು, ಶೌಚಾಲಯ, ಮುಖಪರಿಚಯದ ಮೇಲ್ವಿಚಾರಕ, ಎಲ್ಲ ಅಲ್ಲಿ ಸಿಗುತ್ತವೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಇಂಥ ಕೇಂದ್ರಗಳಿಗೆ ಹಾಕಿಕೊಟ್ಟ ಅಳತೆ ಹೀಗಿದೆ: 1 ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ, ಒಬ್ಬರಿಗೆ ಕನಿಷ್ಠ 50 ಚದರ ಅಡಿ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ, ಆ ಅಳತೆಯಲ್ಲೇ ಒಂಬತ್ತು ಕೇಂದ್ರ ಬೇಕು. ನಿಮ್ಮ ಹತ್ತಿರದ್ದು ಎಲ್ಲಿದೆ ಎಂದು ಪಾಲಿಕೆ ಕಚೇರಿಯಲ್ಲಿ ಕೇಳಿ, ಒಂದು ಪುಟದ ಅರ್ಜಿ ಕೊಟ್ಟು, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ರೈಲ್ವೆ ನಿಲ್ದಾಣ, ಬಸ್ ನಿಲ್ದಾಣಕ್ಕೂ ಇದೇ ಮಾತು: ಅನುಮತಿಯಿಲ್ಲದೆ ಕುರ್ಚಿ ಹಾಕಿದರೆ, ಎಬ್ಬಿಸಲು ಬರುವವರು ನಿಮ್ಮ ಜೊತೆ ಅವರನ್ನೂ ಎಬ್ಬಿಸುತ್ತಾರೆ.

ಮೊದಲ ಎರಡು ವಾರ ಎಣ್ಣೆ ಬಾಟಲಿ ಮುಟ್ಟಬೇಡಿ. ಹೋಗಿ, ಚಹಾ ಕುಡಿದು, ಮಾತಾಡಿ ಬನ್ನಿ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದ್ದು. ಅದರ ಅಡಿಯಲ್ಲಿ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯುತ್ತಾರೆ ಎಂಬ ಭಯ ಬಹಳ ಜನರಿಗೆ ಇದೆ. ಹಾಗಾಗಿ ಖಾಕಿ ಬಣ್ಣದ ಅಂಗಿ ತೊಡಬೇಡಿ, ವ್ಯಾನನ್ನು ಬಾಗಿಲಿಗೇ ತಂದು ನಿಲ್ಲಿಸಬೇಡಿ, ಕೈಯಲ್ಲಿ ರಜಿಸ್ಟರ್ ಹಿಡಿದು ಹೆಸರು ಕೇಳುತ್ತ ತಿರುಗಬೇಡಿ. ಅಡ್ಡಹೆಸರನ್ನಂತೂ ಕೇಳಲೇಬೇಡಿ. ನಮ್ಮ ಕಡೆ ಅಡ್ಡಹೆಸರು ಕೇಳುವುದೆಂದರೆ ಜಾತಿ ಕೇಳಿದಂತೆ.

ವಾರದಲ್ಲಿ ಒಂದು ದಿನ, ಒಂದು ಹೊತ್ತು ನಿಗದಿ ಮಾಡಿ. ನಮ್ಮದು ಗುರುವಾರ ಸಂಜೆ ಏಳರಿಂದ ಒಂಬತ್ತು. ಬರಲಾಗದಿದ್ದರೆ ಹಿಂದಿನ ವಾರವೇ ಹೇಳಿಬಿಡಿ.

ಹೆಜ್ಜೆ 2: ಯಾರು ಮಾಡಬೇಕು

ಹೆಂಗಸರಿಗೆ ಹೆಂಗಸರೇ ಮಾಡಬೇಕು. ಇದಕ್ಕೆ ರಿಯಾಯಿತಿ ಇಲ್ಲ. ಗಂಡಸರಲ್ಲೂ ‘ಗಂಡಸಿನ ಕೈ ಬ್ಯಾಡ’ ಅನ್ನುವವರು ಇರುತ್ತಾರೆ. ಯಾಕೆಂದು ಕೇಳದೆ ಸರಿಯಿರಿ. 18 ವರ್ಷದೊಳಗಿನವರಿಗೆ ಮಾಲೀಸು ಇಲ್ಲವೇ ಇಲ್ಲ. ಒಂಟಿ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಮೂವರು ಮಾಲೀಸು ಮಾಡುವವರು, ಒಬ್ಬರು ಸರದಿ ನೋಡುವವರು, ಸಾಧ್ಯವಾದರೆ ಒಬ್ಬ ನರ್ಸ್ ಅಥವಾ ಫಿಜಿಯೋಥೆರಪಿಸ್ಟ್ ಇದ್ದರೆ ತಂಡ ಸಾಕು. ಒಬ್ಬರಿಗೆ ಹತ್ತು ನಿಮಿಷ, ಕೈ ತೊಳೆದು ಟವೆಲ್ ಬದಲಿಸಲು ಐದು ನಿಮಿಷ. ಎರಡು ತಾಸಿಗೆ ತಲಾ ಎಂಟರಂತೆ 24 ಜನ. ಇದಕ್ಕಿಂತ ಹೆಚ್ಚು ಒಪ್ಪಿಕೊಂಡರೆ ಕೈ ಅವಸರಕ್ಕೆ ಬೀಳುತ್ತದೆ, ಅದು ಕೂತವರಿಗೆ ತಕ್ಷಣ ಗೊತ್ತಾಗುತ್ತದೆ.

ಹೆಜ್ಜೆ 3: ಚೀಲ

ಕೊಬ್ಬರಿ ಎಣ್ಣೆ ಎಲ್ಲಕ್ಕಿಂತ ನಿರಾಳ. ಕುಸುಬಿ ಎಣ್ಣೆಯೂ ನಡೆಯುತ್ತದೆ. ಔಡಲ ಎಣ್ಣೆ ಅಂಟು, ಒರೆಸಿದರೂ ಹೋಗದು. ಶೇಂಗಾ ಎಣ್ಣೆ ಕೆಲವರ ಮೈಗೆ ಒಗ್ಗುವುದಿಲ್ಲ, ಮೇಲಾಗಿ ಅದರ ವಾಸನೆಗೆ ಇರುವೆ, ಇಲಿ ಬರುತ್ತವೆ. ಇವರು ಮಲಗುವುದು ನೆಲದ ಮೇಲೆ. ಸುವಾಸನೆಯ ಎಣ್ಣೆ, ಅಗರಬತ್ತಿ, ಪಿಸುಗುಡುವ ಸಂಗೀತ ಯಾವುದೂ ಬೇಡ. ಯಾವ ವಾಸನೆ ಯಾರಿಗೆ ಏನನ್ನು ನೆನಪಿಸುತ್ತದೋ ಬಲ್ಲವರಾರು? ಒಬ್ಬರ ಎರಡು ಕೈಗೆ ಒಂದು ಚಹಾ ಚಮಚ, ಅಂದರೆ 5 ಮಿಲಿ ಎಣ್ಣೆ ಸಾಕು. 24 ಜನಕ್ಕೆ 120 ಮಿಲಿ. ಎಣ್ಣೆಯನ್ನು ಒತ್ತಿದರೆ ಬರುವ ಬಾಟಲಿಯಲ್ಲಿ ತುಂಬಿಕೊಳ್ಳಿ. ಬಟ್ಟಲಿಗೆ ಎಲ್ಲರೂ ಬೆರಳದ್ದುವ ಪದ್ಧತಿ ಬೇಡ.

ಒಬ್ಬರಿಗೆ ಒಂದು ಸಣ್ಣ ಟವೆಲ್, ಸಾಬೂನು, ಎರಡು ಬಕೆಟ್, ಬೆನ್ನಿರುವ ಪ್ಲಾಸ್ಟಿಕ್ ಕುರ್ಚಿ, ನೀವು ಕೂರಲು ತಗ್ಗಿನ ಸ್ಟೂಲು. ಕೈಗವಸು ಒಯ್ಯಿರಿ, ಆದರೆ ನಿಮ್ಮ ಕೈಗೆ ಗಾಯವಿದ್ದಾಗ ಮಾತ್ರ ತೊಡಿ. ಎಲ್ಲರಿಗೂ ಕೈಗವಸು ಹಾಕಿಕೊಂಡೇ ಮಾಡುವುದು ಸುರಕ್ಷಿತ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹುಟ್ಟಿದಾಗಿನಿಂದ ಮುಟ್ಟಿಸಿಕೊಳ್ಳದೆ ಬೆಳೆದವರ ಮುಂದೆ ರಬ್ಬರ್ ಕೈ ಚಾಚಿದರೆ ಅವರು ಅದನ್ನು ಓದಿಕೊಳ್ಳುವುದು ಬೇರೆಯದೇ ರೀತಿ. ಉಗುರು ಕತ್ತರಿಸಿ, ಉಂಗುರ ತೆಗೆದಿಟ್ಟು, ಪ್ರತಿಯೊಬ್ಬರ ಮೊದಲು ಮತ್ತು ಆಮೇಲೆ 20 ಸೆಕೆಂಡು ಸಾಬೂನಿನಿಂದ ಕೈ ತೊಳೆಯಿರಿ. ಕೂತವರಿಗೆ ಕಾಣುವಂತೆ ತೊಳೆಯುವುದಾದರೆ ಮೊದಲಿನದ್ದನ್ನು ತೊಳೆಯಿರಿ. ಆಮೇಲಿನದ್ದನ್ನು ಅವರು ಎದ್ದು ಹೋದ ಮೇಲೆ.

ಹೆಜ್ಜೆ 4: ಯಾರಿಗೆ ಮಾಡಬಾರದು

ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಜ್ವರವಿದ್ದವರಿಗೆ ಬೇಡ. ಕುಡಿದು ತೂರಾಡುತ್ತಿದ್ದರೆ ಬೇಡ: ನೋವು ಗೊತ್ತಾಗುವುದಿಲ್ಲ, ಒಪ್ಪಿಗೆಗೂ ಅರ್ಥವಿರುವುದಿಲ್ಲ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಆ ಕಾಲನ್ನು ಮುಟ್ಟಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ, ತಿಕ್ಕಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೆ ಕುತ್ತು ಬರಬಹುದು. ಅದು ದವಾಖಾನೆಗೆ ಹೋಗಬೇಕಾದ ಕಾಲು. ಗಾಯ, ಕೀವು, ಹೊಸ ಪೆಟ್ಟು, ಮುರಿತ, ರಕ್ತ ತೆಳುವಾಗುವ ಗುಳಿಗೆ, ಇವೂ ಅದೇ ಸಾಲಿನವು.

ಬೆರಳ ಸಂದಿಯಲ್ಲಿ ಗುಳ್ಳೆ, ರಾತ್ರಿ ಹೆಚ್ಚಾಗುವ ತುರಿಕೆ ಇದ್ದರೆ ಕಜ್ಜಿ ಇರಬಹುದು. ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ. ಮಾಲೀಸು ಇಲ್ಲವೆಂದ ಮಾತ್ರಕ್ಕೆ ಅವರನ್ನು ಎಬ್ಬಿಸಿ ಕಳಿಸಬೇಡಿ. ಅವರ ಹತ್ತು ನಿಮಿಷ ಅವರದ್ದೇ. ಪಕ್ಕದಲ್ಲಿ ಕೂತು ಮಾತಾಡಿ, ಮುಲಾಮು ಎಲ್ಲಿ ಸಿಗುತ್ತದೆ ಹೇಳಿ.

ಪಾದಕ್ಕೆ ಸ್ಪರ್ಶ ತಿಳಿಯದಿದ್ದರೆ ಸಕ್ಕರೆ ಕಾಯಿಲೆಯೋ ಕುಷ್ಠವೋ ಇರಬಹುದು. ಮುಟ್ಟಿದ ಮಾತ್ರಕ್ಕೆ ಕುಷ್ಠ ಹರಡುವುದಿಲ್ಲ. ಔಷಧ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಅಂಥ ಪಾದಕ್ಕೆ ಅಪಾಯವಿರುವುದು ನಮ್ಮ ಬಿಸಿನೀರಿನಿಂದ, ನಮ್ಮ ಹೆಬ್ಬೆರಳಿನ ಒತ್ತಡದಿಂದ. ಸುಟ್ಟರೂ ಅವರಿಗೆ ತಿಳಿಯದು.

ಹೆಜ್ಜೆ 5: ಕುರ್ಚಿ ಹಾಕುವುದು

ಬೆನ್ನ ಹಿಂದೆ ಗೋಡೆ, ಕಣ್ಣ ಮುಂದೆ ಬಾಗಿಲು. ಹಿಂದೆ ಯಾರೂ ಓಡಾಡಬಾರದು. ಗಂಟು ಅವರ ತೊಡೆಯ ಮೇಲೋ ಎರಡು ಕಾಲಿನ ನಡುವೆಯೋ ಇರಲಿ, ‘ಈ ಕಡೆ ಇಡ್ತೀನಿ’ ಎಂದು ಎತ್ತಬೇಡಿ. ಆ ಗಂಟಿನಲ್ಲಿ ಆಧಾರ್ ಇರುತ್ತದೆ, ಹೆಂಡತಿಯ ಫೋಟೋ ಇರುತ್ತದೆ. ಚಪ್ಪಲಿ ಕೂಡ ಕಣ್ಣಿಗೆ ಕಾಣುವ ಹಾಗೆ. ನಮ್ಮಲ್ಲಿಗೆ ಬರುವ ಒಬ್ಬನಿಗೆ ಒಂದು ಕಂದು ನಾಯಿ ಇದೆ. ಅದು ಕುರ್ಚಿಯ ಕೆಳಗೆ ಮಲಗದಿದ್ದರೆ ಅವನು ಕೈ ಚಾಚುವುದಿಲ್ಲ. ಆದ್ದರಿಂದ ನಾಯಿಗೂ ಜಾಗವಿದೆ.

ನೀವು ಅವರಿಗಿಂತ ತಗ್ಗಿನಲ್ಲಿ, ನೇರ ಎದುರಿಗೆ ಅಲ್ಲದೆ ಸ್ವಲ್ಪ ಓರೆಯಾಗಿ ಕೂರಿ. ದಾರಿ ಅಡ್ಡಗಟ್ಟಿದಂತೆ ಆಗಬಾರದು.

ಫೋಟೋ ಇಲ್ಲ. ಬಾಳೆಹಣ್ಣು ಕೊಡುತ್ತ ಕ್ಯಾಮೆರಾ ನೋಡುವ ಹುಟ್ಟುಹಬ್ಬದ ಸೇವೆಗಳನ್ನು ಇವರು ಬೇಕಾದಷ್ಟು ಕಂಡಿದ್ದಾರೆ. ದೇಣಿಗೆ ಕೊಟ್ಟವರು ಕೇಳಿದರೆ ಟವೆಲಿನ ಫೋಟೋ ಕಳಿಸಿ.

ಹೆಜ್ಜೆ 6: ಕೇಳುವುದು, ‘ಸಾಕ್ರಿ’ ಅನ್ನಿಸುವುದು

ಈ ಇಡೀ ಕೆಲಸದಲ್ಲಿ ಒಂದೇ ಹೆಜ್ಜೆ ಉಳಿಸಿಕೊಳ್ಳಿ ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಮೊದಲು ಏನು ಮಾಡುತ್ತೀರಿ ಎಂದು ಬಿಡಿಸಿ ಹೇಳಿ: ‘ಅಜ್ಜಾರ, ಕೈಗೆ ಎಣ್ಣಿ ಹಚ್ಚಿ ಒತ್ತಲೇನ್ರಿ? ಬೆರಳಿಂದ ಮೊಣಕೈ ತನಕ ಅಷ್ಟ. ಅರಿವಿ ಕಳಿಯೂದು ಬ್ಯಾಡ. ಹತ್ತ ಮಿನಿಟ್. ಒಲ್ಲೆ ಅಂದ್ರೂ ನಡೀತೈತಿ, ಕುಂತು ಚಾ ಕುಡೀರಿ.’ ಹೂಂ ಅಂದರೂ ಕೈ ಹಾಕಬೇಡಿ. ಮುಂದಿನ ಮಾತು: ‘ಯಾವಾಗ ಬ್ಯಾಡನಸ್ತೈತಿ, ಸಾಕ್ರಿ ಅನ್ರಿ. ಇಲ್ಲಾ ಕೈ ಹಿಂದಕ್ಕ ತಗೋರಿ. ಈಗ ಒಮ್ಮೆ ಮಾಡಿ ನೋಡೂಣು.’

ಆಮೇಲೆ ನಿಮ್ಮ ಅಂಗೈ ಮೇಲ್ಮುಖವಾಗಿ ಚಾಚಿ, ಕಾಯಿರಿ. ಅವರೇ ತಮ್ಮ ಕೈ ತಂದು ಇಡಬೇಕು. ಇಟ್ಟ ಮೇಲೆ ‘ಈಗ ಅನ್ರಿ’ ಎನ್ನಿ. ಹೆಚ್ಚಿನವರು ನಗುತ್ತಾರೆ, ನಾಚುತ್ತಾರೆ, ‘ಏನ್ ಅನ್ನೂದ್ರಿ’ ಅನ್ನುತ್ತಾರೆ. ಸಣ್ಣ ದನಿಯಲ್ಲಿ ‘ಸಾಕ್ರಿ’ ಬಂದ ಕೂಡಲೇ ಬಿಸಿ ತವೆ ಮುಟ್ಟಿದವರ ಹಾಗೆ ಕೈ ತೆಗೆಯಿರಿ. ಇನ್ನೊಮ್ಮೆ ಮಾಡಿ. ಎರಡನೇ ಸಲ ದನಿ ಸ್ವಲ್ಪ ಗಟ್ಟಿಯಾಗುತ್ತದೆ. ಒಬ್ಬ ಹಮಾಲ ಇದನ್ನು ಐದಾರು ಸಲ ಆಡಿದ, ಮಕ್ಕಳ ಆಟದಂತೆ. ಅವನ ಹತ್ತು ನಿಮಿಷ ಅದರಲ್ಲೇ ಮುಗಿಯಿತು. ಎಣ್ಣೆ ಮುಂದಿನ ವಾರ ಹಚ್ಚಿದೆವು.

ಯಾಕಿಷ್ಟು ಒತ್ತು ಎಂದರೆ, ‘ಸಾಕು’ ಅಂದರೆ ನಿಲ್ಲುತ್ತದೆ ಎಂದು ಮಾತಿನಲ್ಲಿ ಎಷ್ಟು ಹೇಳಿದರೂ ಮೈ ನಂಬುವುದಿಲ್ಲ, ನಿಂತದ್ದನ್ನು ಕಂಡ ಮೇಲೇ ನಂಬುತ್ತದೆ. ಪುಕ್ಕಟೆ ಕೊಡುವವರ ಮುಂದೆ ಬೇಡ ಅನ್ನುವುದಂತೂ ಇನ್ನೂ ಕಷ್ಟ. ಅನ್ನ ಕೊಡುವವರಿಗೆ ಬೇಡವೆಂದರೆ ನಾಳೆ ಕರೆಯಲಿಕ್ಕಿಲ್ಲ ಎಂಬ ಅನುಭವ ಅವರದ್ದು.

ಕೆಲವರು ಕೂರುವ ಮೊದಲೇ ತಮ್ಮ ಜಾತಿ ಹೇಳಿ ‘ನಮ್ಮನ್ನ ಮುಟ್ತೀರೇನ್ರಿ?’ ಎಂದು ಕೇಳುತ್ತಾರೆ. ‘ನಾವು ಜಾತಿ-ಗೀತಿ ನೋಡೂದಿಲ್ಲ’ ಎಂಬ ಭಾಷಣ ಆಗ ಬೇಡ. ಅಂಗೈ ಚಾಚಿ ಕಾಯಿರಿ. ಉತ್ತರ ಅಷ್ಟೇ.

ಭಾಷೆ ಬಾರದವರ ಜೊತೆ ಮೊದಲು ನಿಮ್ಮ ಕೈಯನ್ನೇ ನೀವು ಒತ್ತಿ ತೋರಿಸಿ.

ಹೆಜ್ಜೆ 7: ಕೈ

ಎಣ್ಣೆಯನ್ನು ನಿಮ್ಮ ಅಂಗೈಯಲ್ಲಿ ತಿಕ್ಕಿ ಬೆಚ್ಚಗಾಗಿಸಿ. ಮಣಿಕಟ್ಟು ಹಿಡಿಯಬೇಡಿ, ಎಳೆದೊಯ್ಯುವವರು ಹಿಡಿಯುವುದು ಅಲ್ಲೇ. ಅವರ ಕೈ ನಿಮ್ಮ ಕೈಯ ಮೇಲೆ ಒರಗಿರಲಿ.

ಮೊದಲು ಅಂಗೈ: ಎರಡು ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ, ರೊಟ್ಟಿ ತಟ್ಟುವಾಗ ಹಿಟ್ಟನ್ನು ಹರಡುವ ಹಾಗೆ. ಹೆಬ್ಬೆರಳ ಬುಡದ ಉಬ್ಬಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಮೂಟೆ ಹೊರುವವರ ನೋವು ಅಲ್ಲೇ ಕೂತಿರುತ್ತದೆ. ಆಮೇಲೆ ಒಂದೊಂದೇ ಬೆರಳು, ಬುಡದಿಂದ ತುದಿಗೆ. ನೆಟಿಗೆ ತೆಗೆಯಬೇಡಿ. ಆಮೇಲೆ ಕೈಯ ಹಿಂಭಾಗ, ಎಲುಬುಗಳ ನಡುವಿನ ಸಂದು.

ಮುಂಗೈಗೆ ಬರುವ ಮುನ್ನ ಹೇಳಿ: ‘ಈಗ ಮ್ಯಾಲೆ ಬರ್ತೀನ್ರಿ.’ ಮಣಿಕಟ್ಟಿನಿಂದ ಮೊಣಕೈವರೆಗೆ ಪೂರ್ತಿ ಅಂಗೈ ಇಟ್ಟು ನಿಧಾನ ಸವರಿ. ನಮ್ಮ ಚರ್ಮದಲ್ಲಿ ಸವರುವಿಕೆಗೆಂದೇ ಓಗೊಡುವ ಒಂದು ಜಾತಿಯ ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗಕ್ಕೆ ಅವು ಚೆನ್ನಾಗಿ ಓಗೊಡುತ್ತವೆ. 3 ಸೆಂಟಿಮೀಟರಿನ ಲೆಕ್ಕದಲ್ಲಿ ಮುಂಗೈಯ ಒಂದು ಸವರಿಗೆ ಎಂಟು ಸೆಕೆಂಡು ಬೇಕು. ಮನಸ್ಸಿನಲ್ಲಿ ಎಂಟರವರೆಗೆ ಎಣಿಸಿ ನೋಡಿ, ಅದೆಷ್ಟು ನಿಧಾನ ಎಂದು ಆಗ ತಿಳಿಯುತ್ತದೆ. ಗರಡಿಯ ಕೈಗೆ ಈ ವೇಗ ಕಲಿಸಲು ನನಗೆ ಎರಡು ತಿಂಗಳು ಹಿಡಿಯಿತು.

‘ಹಗೂರ ಮಾಡಲೇನ್ರಿ, ಇನ್ನೊಂದೀಟು ಒತ್ತಲೇನ್ರಿ?’ ಎಂದು ನಡುವೆ ಎರಡು ಸಲ ಕೇಳಿ. ‘ಹೆಂಗ ಅನಸ್ತೈತಿ’ ಎಂದು ಕೇಳಿದರೆ ‘ಛಲೋ ಐತ್ರಿ’ ಎಂಬ ಮರ್ಯಾದೆಯ ಉತ್ತರವೇ ಬರುವುದು. ಇದೋ ಅದೋ ಎಂದು ಕೇಳಿದರೆ ನಿಜ ಬರುತ್ತದೆ. ಹೆಗಲು ಬೇಕೆಂದು ಅವರಾಗಿ ಕೇಳಿದರೆ ಮೂರನೇ ಭೇಟಿಯ ನಂತರ, ಅಂಗಿಯ ಮೇಲೆಯೇ, ಪಕ್ಕದಲ್ಲಿ ನಿಂತು. ಕುತ್ತಿಗೆಯ ಮುಂಭಾಗ, ಎದೆ, ಹೊಟ್ಟೆ, ಸೊಂಟ, ತೊಡೆ ಎಂದಿಗೂ ಇಲ್ಲ.

ಮುಗಿಯುವ ಮುನ್ನ ‘ಇನ್ನ ಎರಡ ಮಿನಿಟ್ ಐತ್ರಿ’ ಎಂದು ಹೇಳಿ, ಹೇಳಿದ ಹೊತ್ತಿಗೇ ಮುಗಿಸಿ.

ಹೆಜ್ಜೆ 8: ಪಾದ

ಪಾದ ನಮ್ಮಲ್ಲಿ ಬರೀ ಪಾದವಲ್ಲ. ಹಿರಿಯರ ಕಾಲು ಒತ್ತುವುದು ಪುಣ್ಯ ಎಂದು ಬೆಳೆದವರು ನಾವು. ಆದರೆ ತನ್ನ ಕಾಲನ್ನು ಬೇರೆಯವರು ಮುಟ್ಟುವುದು ಕೆಲವರಿಗೆ ಸಹಿಸಲಾಗದ ಸಂಕೋಚ. ‘ಬ್ಯಾಡೋ ತಮ್ಮಾ, ಕಾಲ ಮುಟ್ಟಬ್ಯಾಡ, ನನಗ ಪಾಪ ಹತ್ತೈತಿ’ ಅನ್ನುತ್ತಾರೆ. ಒತ್ತಾಯ ಮಾಡಬೇಡಿ. ಎಣ್ಣೆಯನ್ನು ಅವರ ಅಂಗೈಗೇ ಹಾಕಿ, ನೀವು ನಿಮ್ಮ ಕಾಲಿಗೆ ಹಚ್ಚಿಕೊಂಡು ತೋರಿಸಿ. ನಮ್ಮಲ್ಲಿ ಹಾಗೆ ಕಲಿತ ಅಜ್ಜನೊಬ್ಬ ಈಗ ಇನ್ನೊಬ್ಬರಿಗೆ ಕಲಿಸುತ್ತಾನೆ, ನಮಗಿಂತ ಚೆನ್ನಾಗಿ.

ಒಪ್ಪಿದವರಿಗೆ: ನೀರು ಉಗುರುಬೆಚ್ಚಗಿರಲಿ, ನಿಮ್ಮ ಮೊಣಕೈ ಅದ್ದಿ ಪರೀಕ್ಷಿಸಿ. ಸ್ಪರ್ಶವಿಲ್ಲದ ಪಾದಕ್ಕೆ ತಣ್ಣೀರೇ ಸಾಕು. ತೊಳೆದು, ಬೆರಳ ಸಂದುಗಳನ್ನು ಒಣಗಿಸಿ. ಮಳೆಗಾಲದಲ್ಲಿ ಒದ್ದೆ ಕಾಲಲ್ಲೇ ದಿನ ಕಳೆದವರ ಸಂದು ಬೆಳ್ಳಗೆ ಕೊಳೆತಿರುತ್ತದೆ. ಅಲ್ಲಿಗೆ ಎಣ್ಣೆ ಹಚ್ಚಬೇಡಿ. ಹಿಮ್ಮಡಿಯಿಂದ ಬೆರಳಿಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಪಾದವೊಂದೇ, ಕಣಕಾಲಿನಿಂದ ಮೇಲೆ ಬೇಡ. ಕೊನೆಗೆ ಅಂಗಾಲಿನ ಎಣ್ಣೆಯನ್ನು ಪೂರ್ತಿ ಒರೆಸಿ. ಎಣ್ಣೆಗಾಲು ಸಿಮೆಂಟಿನ ನೆಲದ ಮೇಲೆ ಜಾರಿ ಮುದುಕರ ಸೊಂಟ ಮುರಿಯುತ್ತದೆ.

ಹೆಜ್ಜೆ 9: ಮರಗಟ್ಟಿದರೆ, ಅತ್ತರೆ

ಕೈ ಇದ್ದಕ್ಕಿದ್ದಂತೆ ಭಾರವಾಗುವುದು, ಕಣ್ಣು ಒಂದೆಡೆ ನೆಡುವುದು, ಉಸಿರು ಮೇಲಿಂದ ಮೇಲೆ ಓಡುವುದು, ಕೇಳಿದ್ದಕ್ಕೆ ಉತ್ತರವಿಲ್ಲದಿರುವುದು. ಇದನ್ನು ‘ಆರಾಮ ಆಗಿ ನಿದ್ದಿ ಹತ್ತೇತಿ’ ಎಂದು ತಿಳಿಯಬೇಡಿ. ಒಪ್ಪಿಗೆ ಅಲ್ಲಿಗೆ ಮುಗಿಯಿತು. ‘ಕೈ ತಗೀತೀನ್ರಿ’ ಎಂದು ಹೇಳಿ ತೆಗೆಯಿರಿ, ಸ್ವಲ್ಪ ಹಿಂದೆ ಸರಿಯಿರಿ. ಸಾದಾ ದನಿಯಲ್ಲಿ ಇರುವುದನ್ನು ಹೇಳಿ: ಇದು ಹುಬ್ಬಳ್ಳಿ, ಗುರುವಾರ ಸಂಜೆ, ಬಾಗಿಲು ತೆರೆದಿದೆ, ಕಾಲ ಕೆಳಗೆ ನೆಲ ಇದೆ, ಒತ್ತಿ ನೋಡ್ರಿ. ನೀರು ಕೊಡಿ. ಬೆನ್ನು ತಟ್ಟಬೇಡಿ, ಏನಾಗಿತ್ತು ಎಂದು ಕೇಳಬೇಡಿ.

ಅಳು ಬಂದರೆ ಮಾತ್ರ ಕೇಳಿ: ‘ನಿಲ್ಲಸ್ಲೇನ್ರಿ, ಹಂಗ ಇರಲೇನ್ರಿ?’ ಬಹಳ ಜನ ಹಾಗೇ ಇರಲಿ ಅನ್ನುತ್ತಾರೆ. ಅಳಲಿ ಬಿಡಿ. ಕಥೆ ಹೇಳಿದರೆ ಕೇಳಿ, ಕೆದಕಬೇಡಿ.

ಜೇಬಿನ ಚೀಟಿಯಲ್ಲಿ ಈ ನಂಬರುಗಳಿರಲಿ: ಆಂಬುಲೆನ್ಸ್ 108, ತುರ್ತು 112, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಹಿರಿಯರಿಗೆ 14567, ಹೆಂಗಸರಿಗೆ 181. ಗಾಯಕ್ಕೆ, ಊದಿದ ಕಾಲಿಗೆ ವಿದ್ಯಾನಗರದ ಸರ್ಕಾರಿ ದವಾಖಾನೆ, ಜನ ಈಗಲೂ ಕಿಮ್ಸ್ ಎಂದೇ ಕರೆಯುವುದು. ಮಾನಸಿಕ ಕಾಯಿಲೆಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ. ಮಾನಸಿಕ ಕಾಯಿಲೆಯಿಂದ ದಿಕ್ಕಿಲ್ಲದೆ ತಿರುಗುವವರನ್ನು ಪೊಲೀಸರು ರಕ್ಷಣೆಗೆ ಪಡೆದು 24 ತಾಸಿನೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಇದನ್ನು ಹೇಳುತ್ತದೆ. ಠಾಣೆಯಲ್ಲಿ ಸೆಕ್ಷನ್ ನಂಬರ್ ಹೇಳಿದರೆ ಮಾತಿಗೆ ತೂಕ ಬರುತ್ತದೆ. ಎಲ್ಲಿಗೆ ಕಳಿಸುವುದಿದ್ದರೂ ಬರೀ ಚೀಟಿ ಕೊಟ್ಟು ಕಳಿಸಬೇಡಿ, ಒಬ್ಬರು ಜೊತೆಗೆ ಹೋಗಿ.

ಹೆಜ್ಜೆ 10: ಮುಗಿದ ಮೇಲೆ

ಸೀದಾ ಮನೆಗೆ ಹೋಗಬೇಡಿ. ನಾವು ಗಿರ್ಮಿಟ್ಟು, ಮಿರ್ಚಿ ಭಜಿ ಮುಂದಿಟ್ಟುಕೊಂಡು ಅರ್ಧ ತಾಸು ಕೂರುತ್ತೇವೆ. ಯಾರ ಕಥೆಯನ್ನೂ ಅಲ್ಲಿ ಹೇಳುವುದಿಲ್ಲ. ಯಾವಾಗ ನಮ್ಮ ಕೈ ಅವಸರ ಮಾಡಿತು, ಯಾವಾಗ ನಮಗೇ ಗಂಟಲು ಕಟ್ಟಿತು ಎಂಬುದನ್ನಷ್ಟೇ ಮಾತಾಡುತ್ತೇವೆ. ಕೇಳಿದ್ದು ರಾತ್ರಿ ನಿದ್ದೆಗೆಡಿಸುತ್ತಿದ್ದರೆ ಎರಡು ವಾರ ಬಿಡುವು ತೆಗೆದುಕೊಳ್ಳಿ. 14416 ನಮಗೂ ಇದೆ.

ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲ, ಮೂರೇ ಅಂಕಿ: ಎಷ್ಟು ಜನ ಕೂತರು, ಎಷ್ಟು ಜನ ಕೂರದೆ ಚಹಾ ಕುಡಿದು ಹೋದರು, ಎಷ್ಟು ಜನ ನಡುವೆ ‘ಸಾಕ್ರಿ’ ಅಂದರು. ಮೂರನೆಯ ಅಂಕಿ ಸೊನ್ನೆಯಾದ ದಿನ ನಾವು ಖುಷಿಪಡುವುದಿಲ್ಲ. ಆರನೇ ಹೆಜ್ಜೆಯನ್ನು ಎಲ್ಲಿ ಅವಸರ ಮಾಡಿದೆವು ಎಂದು ಹುಡುಕುತ್ತೇವೆ.

ಟವೆಲ್‌ಗಳನ್ನು ಅದೇ ರಾತ್ರಿ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಿ. ಮರುದಿನಕ್ಕೆ ಬಿಟ್ಟರೆ ಎಣ್ಣೆ ವಾಸನೆ ಹೋಗುವುದಿಲ್ಲ. ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಎಣಿಸಿ ಮಡಚಿಡಿ. 24 ಜನಕ್ಕೆ 30 ಇರಲಿ. ಒಂದೆರಡನ್ನು ಯಾರಾದರೂ ಹೆಗಲಿಗೆ ಹಾಕಿಕೊಂಡು ಹೋಗಿರುತ್ತಾರೆ, ಕೇಳಬೇಡಿ.